ಟರ್ಬೊ ಕಾರಿನ ತಮ್ಮನಿಗೆ, ಗೋರೆಗಾಂವ್‌ನಿಂದ

ಪ್ರಿಯ ತಮ್ಮಾ,

ನಿನ್ನ ಹೆಸರು ನನಗೆ ಗೊತ್ತಿಲ್ಲ, ಕಾರು ಗೊತ್ತು. ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಹಿಂದಿನ ಗಾಜಿನ ಮೇಲೆ ಕನ್ನಡದಲ್ಲಿ ‘ಶ್ರೀ ದುರ್ಗಾಪರಮೇಶ್ವರಿ ಪ್ರಸನ್ನ’ ಎಂದು ಬರೆಸಿದ್ದೀಯ. ಅದನ್ನು ಓದಿದ ಮೇಲೆಯೇ ಈ ಕಾಗದ ಮರಾಠಿಯಲ್ಲೂ ಬೇಡ, ಹಿಂದಿಯಲ್ಲೂ ಬೇಡ, ಕನ್ನಡದಲ್ಲೇ ಇರಲಿ ಅನ್ನಿಸಿದ್ದು. ರಾತ್ರಿ ಹನ್ನೊಂದು ದಾಟಿದ ಮೇಲೆ ನೀನು ಹೆದ್ದಾರಿ ಕಡೆಯಿಂದ ಮೃಣಾಲ್‌ತಾಯಿ ಗೋರೆ ಮೇಲ್ಸೇತುವೆ ಹತ್ತಿ ಎಸ್.ವಿ. ರಸ್ತೆಗೆ ಇಳಿಯುತ್ತೀಯ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಸೈಲೆನ್ಸರಿನಲ್ಲಿ ಪಟಪಟನೆ ಸಿಡಿತ ಶುರುವಾಗುತ್ತದೆ. ಸುತ್ತಲಿನ ಕಟ್ಟಡಗಳಲ್ಲಿ ಮಲಗಿದ ಮಕ್ಕಳು ಎದ್ದು ಕೂರುತ್ತವೆ.

ಈ ಉಪನಗರದ ಗ್ಯಾರೇಜುಗಳಲ್ಲಿ ಪಾನಾ ಹಿಡಿದೇ ಬದುಕು ಕಳೆದವನು ನಾನು. ಆ ಸದ್ದಿನಿಂದಲೇ ನಿನ್ನ ಕಾರಿಗೆ ಏನೇನು ಮಾಡಿಸಿದ್ದೀಯ ಎಂದು ಹೇಳಬಲ್ಲೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ನೇರ ಡೌನ್‌ಪೈಪ್ ಹಾಕಿಸಿದ್ದೀಯ. ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ರಿಮ್ಯಾಪ್ ಆಗಿದೆ, ಅಂದರೆ ಕಂಪನಿ ಬರೆದ ಪ್ರೋಗ್ರಾಮನ್ನು ಬದಲಿಸಿದ್ದಾರೆ. ಅದರೊಳಗೆ ಈ ಸಿಡಿತದ ಸದ್ದನ್ನೂ ಬೇಕೆಂದೇ ಬರೆಸಿಕೊಂಡಿದ್ದೀಯ. ಪೊಲೀಸರಿಗೆ ದೂರು ಕೊಡೋಣ ಎಂದು ನಮ್ಮ ಸೊಸೈಟಿಯವರು ಹೇಳುತ್ತಿದ್ದಾರೆ. ಅದಕ್ಕೆ ಮೊದಲು ನಿನ್ನ ಜೊತೆ ಮಾತಾಡಬೇಕು ಅನ್ನಿಸಿತು. ದಹಿಸರ್‌ನಿಂದ ಬಾಂದ್ರಾವರೆಗೆ ನಿನ್ನಂಥ ಹುಡುಗರು ತುಂಬ ಇದ್ದಾರೆ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಿನ್ನ ಕಾರಿನ ಹುಚ್ಚು ತಪ್ಪಲ್ಲ. ನೀನು ಆರಿಸಿದ ಕಾರಂತೂ ಅಪರೂಪದ್ದು. 2013ರಲ್ಲಿ ಪುಣೆಯ ಹತ್ತಿರದ ಚಾಕಣ್ ಕಾರ್ಖಾನೆಯಿಂದ ಹೊರಬಂದಾಗ ಚಿಕ್ಕ ಕಾರಿನಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ ನಮ್ಮ ದೇಶಕ್ಕೆ ಹೊಸತೇ ಆಗಿತ್ತು. 1.2 ಲೀಟರಿನ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆಮೇಲೆ 2015ರಲ್ಲಿ ರಂಜನ್‌ಗಾಂವ್‌ನಿಂದ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ ಬಂತು. 2017ರಲ್ಲಿ ಮಾರುತಿಯ ಬಲೆನೊ ಆರ್‌ಎಸ್, 2018ರಲ್ಲಿ ಕೊಯಮತ್ತೂರಿನ ಜಯಂ ಕಂಪನಿಯ ಜೊತೆ ಸೇರಿ ಟಾಟಾ ಮಾಡಿದ ಟಿಯಾಗೊ ಜೆಟಿಪಿ. ಹೋಟೆಲಿನ ಗಲ್ಲಾದಲ್ಲಿ ಕೂತ ಅಪ್ಪನ ಮಗನೂ ಬ್ಯಾಂಕಿನ ಕ್ಲರ್ಕನ ಮಗಳೂ ಸಾಲ ಮಾಡಿಯಾದರೂ ಕೊಳ್ಳಬಹುದಾಗಿದ್ದ ವೇಗದ ಕಾರುಗಳು ಇವು. ಒಂದೊಂದಾಗಿ ಎಲ್ಲವೂ ನಿಂತುಹೋದವು. ಪೋಲೊ ಕೂಡ 2022ಕ್ಕೆ ಮುಗಿಯಿತು. ನಿನ್ನ ಕೈಯಲ್ಲಿರುವುದು ಇನ್ನು ಹೊಸದಾಗಿ ಸಿಗದ ವಸ್ತು. ಅದನ್ನು ಹಾಳು ಮಾಡಿಕೊಳ್ಳುತ್ತಿದ್ದೀಯಲ್ಲ ಎಂಬ ಸಂಕಟಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಸಿಡಿತದ ವಿಷಯವನ್ನೇ ತೆಗೆದುಕೊ. ಟರ್ಬೊ ಎಂದರೆ ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಚಿಕ್ಕ ಕಾರಿನ ಟರ್ಬೊದೊಳಗಿನ ಆ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಅದನ್ನು ಹಿಡಿದಿಟ್ಟಿರುವುದು ಎಣ್ಣೆಯ ತೆಳುವಾದ ಒಂದು ಪದರ ಮಾತ್ರ. ನೀನು ಕಾಲು ತೆಗೆದಾಗ ಕಂಪನಿಯ ಪ್ರೋಗ್ರಾಮಿನಲ್ಲಿ ಪೆಟ್ರೋಲ್ ಪೂರ್ತಿ ನಿಲ್ಲಬೇಕು. ನಿನ್ನ ರಿಮ್ಯಾಪಿನಲ್ಲಿ ಅದು ನಿಲ್ಲುವುದಿಲ್ಲ, ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಿಡಿ ಬೇಕೆಂದೇ ತಡವಾಗಿ ಹೊತ್ತುತ್ತದೆ. ಸಿಲಿಂಡರಿನೊಳಗೆ ಉರಿಯಬೇಕಾದ್ದು ಹೊರಗಿನ ಪೈಪಿನಲ್ಲಿ, ಟರ್ಬೊ ಚಕ್ರದ ಮುಖದ ಮೇಲೇ ಉರಿಯುತ್ತದೆ. ನಿನಗೆ ಖುಷಿ ಕೊಡುವ ಪ್ರತಿಯೊಂದು ಸಿಡಿತವೂ ಎಕ್ಸಾಸ್ಟ್ ವಾಲ್ವನ್ನೂ ಟರ್ಬೈನನ್ನೂ ಸ್ವಲ್ಪ ಸ್ವಲ್ಪವೇ ತಿನ್ನುತ್ತಿದೆ. ಅದರಿಂದ ಅರ್ಧ ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ರ‍್ಯಾಲಿ ಕಾರುಗಳಲ್ಲಿ ತಿರುವಿನಲ್ಲೂ ಟರ್ಬೊ ಒತ್ತಡ, ಅಂದರೆ ಬೂಸ್ಟ್, ಇಳಿಯದಿರಲಿ ಎಂದು ಹೀಗೆ ಮಾಡುವುದುಂಟು. ಆದರೆ ಅಲ್ಲಿ ಟರ್ಬೊ ಬದಲಿಸಲು ಒಂದು ತಂಡವೇ ಕಾದು ನಿಂತಿರುತ್ತದೆ. ನಿನ್ನ ಹಿಂದೆ ಕಾದಿರುವುದು ಬ್ಯಾಂಕಿನ ಕಂತು.

ಟರ್ಬೊ ಕಾರನ್ನು ಕೊಂಡವರು ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠವೊಂದಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಎಂಜಿನ್ ನಾಕ್ ಆಗದಿರಲೆಂದು, ಅಂದರೆ ಪೆಟ್ರೋಲ್ ಮಿಶ್ರಣ ತಾನಾಗಿಯೇ ಹೊತ್ತಿ ಬಡಿಯದಿರಲೆಂದು, ಅದಕ್ಕೆ ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಬೇಕಿತ್ತು. ಜನ ಮರೆತರು. ದ್ರವ ಇಲ್ಲದಿದ್ದರೆ ಬೂಸ್ಟ್ ಕೂಡ ಇಲ್ಲ. ಕಾರಿನ ಹೆಸರು ಕೆಟ್ಟು ಎರಡು ವರ್ಷಕ್ಕೇ ತಯಾರಿಕೆ ನಿಂತಿತು. ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಿಕೊಡಲು ಮುಂದಾಯಿತು.

ಈಗ ನಮ್ಮ ಊರಿಗೆ ಬಾ. ಮೇ ತಿಂಗಳ ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ದಿಂಡೋಷಿಯಿಂದ ಜೋಗೇಶ್ವರಿಯವರೆಗೆ ಕಾರು ತೆವಳುತ್ತದೆ. ಟರ್ಬೊ ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಅದನ್ನು ತಣಿಸುವುದು ಇಂಟರ್‌ಕೂಲರಿನ ಕೆಲಸ. ಎದುರುಗಾಳಿಯೇ ಇಲ್ಲದ ಟ್ರಾಫಿಕ್ಕಿನಲ್ಲಿ ಅದೂ ಬಿಸಿಯಾಗಿ ಕೂರುತ್ತದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ನಾಕ್ ಆಗುವ ಭಯ ಹೆಚ್ಚು. ಇಸಿಯು ಹೆದರಿ ಕಿಡಿಯನ್ನು ಹಿಂದಕ್ಕೆ ತಳ್ಳುತ್ತದೆ. ರಿಮ್ಯಾಪ್ ಕಾಗದದ ಮೇಲೆ ಕೊಟ್ಟ ಶಕ್ತಿ ಅಲ್ಲೇ ಆವಿಯಾಗುತ್ತದೆ. ಬಹುಪಾಲು ರಿಮ್ಯಾಪುಗಳು ಹೆಚ್ಚಿನ ಆಕ್ಟೇನಿನ ಪೆಟ್ರೋಲನ್ನು ನಂಬಿ ಬರೆದವು. ಬಂಕಿನಲ್ಲಿ ಸ್ಪೀಡ್ 97 ಆಗಲಿ, 2020ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಪಿ 100 ಆಗಲಿ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕಿದ್ದನ್ನು ತುಂಬಿಸಿ ಅದೇ ಬೂಸ್ಟಿನಲ್ಲಿ ಓಡಿಸುತ್ತೀಯ. ಈಗ ಎಲ್ಲೆಡೆ ಬಂದಿರುವ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ಆಕ್ಟೇನಿನಲ್ಲಿ ಕೆಟ್ಟದ್ದಲ್ಲ. ಆದರೆ ನಿನ್ನ ಕಾರು ಅದಕ್ಕೆಂದು ಮಾಡಿದ ಕಾಲದ್ದಲ್ಲ. ಅದರ ರಬ್ಬರ್ ಹೋಸುಗಳನ್ನೂ ಸೀಲುಗಳನ್ನೂ ಪ್ರತಿ ಸರ್ವೀಸಿನಲ್ಲಿ ಕಣ್ಣಿಟ್ಟು ನೋಡಿಸು.

ಎಣ್ಣೆಯ ವಿಷಯದಲ್ಲಿ ಜಿಪುಣತನ ಮಾಡಲೇಬೇಡ. ಕಂಪನಿ 15,000 ಕಿಲೋಮೀಟರಿಗೊಮ್ಮೆ ಎಂದು ಬರೆದಿರುವುದು ಕಾರು ಓಡುವ ಊರುಗಳಿಗೆ. ಇಲ್ಲಿ ಎಂಜಿನ್ ಓಡುತ್ತದೆ, ಕಾರು ನಿಂತಿರುತ್ತದೆ. ಅದರ ಅರ್ಧಕ್ಕೇ ಬದಲಾಯಿಸು. ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ 502 00 ಎಂಬ ಒಪ್ಪಿಗೆ ಇದೆಯೇ ನೋಡು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಒಳ್ಳೆಯ ಬಿಡಿಭಾಗ ಸಿಕ್ಕೀತು, ಸೀಲು ಒಡೆದ ಎಣ್ಣೆ ಮಾತ್ರ ಎಲ್ಲಿಯೂ ಕೊಳ್ಳಬೇಡ. ಜೋರಾಗಿ ಓಡಿಸಿ ಬಂದು ಕೂಡಲೇ ಕೀಲಿ ತಿರುಗಿಸಿ ಇಳಿಯಬೇಡ. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಎಷ್ಟು ಹೊತ್ತು ಕಾದಿರುತ್ತದೆಯೋ ಟರ್ಬೊ ಕೂಡ ಹಾಗೆಯೇ. ಹರಿಯದೆ ನಿಂತ ಎಣ್ಣೆ ಅಲ್ಲೇ ಸೀದು ಕರಿ ಕಟ್ಟುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ ಬಂದರೆ ಅಷ್ಟೇ ಸಾಕು.

ನಿನ್ನ ಗೇರ್‌ಬಾಕ್ಸಿನೊಳಗಿರುವುದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚುಗಳು. ಅದು ತಡೆಯುವ ಟಾರ್ಕ್ 250 ನ್ಯೂಟನ್ ಮೀಟರ್ ಎಂದು ತಯಾರಿಸಿದವರೇ ಹೇಳಿದ್ದಾರೆ. ರಿಮ್ಯಾಪ್ ಮಾಡಿದ ನಿನ್ನ ಟ್ಯೂನರ್ 175 ಅನ್ನು ಆ ಗಡಿಯ ಹತ್ತಿರಕ್ಕೆ ಒಯ್ದಿದ್ದಾನೋ ದಾಟಿಸಿಯೇಬಿಟ್ಟಿದ್ದಾನೋ ಕೇಳಿದ್ದೀಯಾ? ಟ್ರಾಫಿಕ್ಕಿನಲ್ಲಿ ಮುಂದಿನ ಕಾರಿನ ಬೆನ್ನಿಗೇ ಅಂಟಿಕೊಂಡು ಅಂಗುಲ ಅಂಗುಲವಾಗಿ ತೆವಳಿದರೆ ಆ ಕ್ಲಚ್ ಪ್ರತಿ ಸಲವೂ ಅರೆಬರೆ ಹಿಡಿದು ಜಾರುತ್ತದೆ, ಕಾಯುತ್ತದೆ, ಸವೆಯುತ್ತದೆ. ಮುಂದೆ ಎರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಮ್ಮೆಗೇ ಮುಂದೆ ಹೋಗು. ನಡುವೆ ರಿಕ್ಷಾ ನುಗ್ಗುತ್ತದೆ, ನುಗ್ಗಲಿ. ಇನ್ನೊಂದು ವಿಷಯ, ಮೇಲಿನ ಗೇರಿನಲ್ಲಿ 1,500 ಆರ್‌ಪಿಎಮ್ಮಿನಲ್ಲಿರುವಾಗ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಬೇಡ. ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಕಿಡಿ ಹೊತ್ತುವ ಮೊದಲೇ ಮಿಶ್ರಣ ಉರಿದು ಪಿಸ್ಟನ್ ಒಡೆಯುವುದು ಬಹಳ ಸಲ ಇಂಥ ಹೊತ್ತಿನಲ್ಲೇ. ಒಂದು ಗೇರ್ ಇಳಿಸಿ ಒತ್ತು.

ಮಳೆಗಾಲದ ಮಾತಿಗೆ ಬರುತ್ತೇನೆ. ತಣ್ಣನೆ ಗಾಳಿ ಸಿಗಲಿ ಎಂದು ಏರ್ ಫಿಲ್ಟರನ್ನು ಬಂಪರಿನ ಹಿಂದೆ, ನೆಲಕ್ಕೆ ಹತ್ತಿರ ಇಳಿಸುವ ಕೋಲ್ಡ್ ಏರ್ ಇನ್‌ಟೇಕ್ ಈಗ ಎಲ್ಲರಿಗೂ ಬೇಕು. ನಮ್ಮ ಮಳೆಗೆ ಅದು ಹೊಂದದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಊರು ನಮ್ಮದು. ಅಂಥ ದಿನ ಬೇಕಾಗಿಲ್ಲ, ಅಂಧೇರಿ ಸಬ್‌ವೇ, ಮಲಾಡ್ ಸಬ್‌ವೇಗಳಲ್ಲಿ ನೀರು ನಿಲ್ಲಲು ಒಂದು ಜೋರು ಮಳೆ, ಒಂದು ಸಮುದ್ರದ ಉಬ್ಬರ ಸಾಕು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಫಿಲ್ಟರ್ ಒಂದು ಗುಟುಕು ನೀರು ಎಳೆದು ಸಿಲಿಂಡರಿಗೆ ಕೊಟ್ಟರೆ ಮೇಲೆ ಬರುತ್ತಿರುವ ಪಿಸ್ಟನ್ ಅಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ಬಾಗಿದ ರಾಡುಗಳನ್ನು ಎಷ್ಟೋ ಎಂಜಿನ್ನುಗಳಿಂದ ನನ್ನ ಕೈಯಿಂದಲೇ ತೆಗೆದಿದ್ದೇನೆ. ಕಂಪನಿಯವರು ಇನ್‌ಟೇಕಿನ ಬಾಯನ್ನು ಬಾನೆಟ್ಟಿನ ಅಂಚಿನಲ್ಲಿ ಎತ್ತರಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಅದನ್ನು ಹಾಗೆಯೇ ಬಿಡು.

ಇನ್ನು ಈ ಕಾಗದದ ಮುಖ್ಯ ಮಾತು. ರಿಮ್ಯಾಪ್, ಡೌನ್‌ಪೈಪ್ ಎಂದು ನೀನು ಖರ್ಚು ಮಾಡಿದ ಪಟ್ಟಿಯಲ್ಲಿ ಬ್ರೇಕ್ ಎಲ್ಲಿದೆ? ಟೈರ್ ಎಲ್ಲಿದೆ? ರಸ್ತೆ ಬದಿಯ ಚಹಾದಂಗಡಿಯಲ್ಲಿ ನೀನು ಕಾರು ನಿಲ್ಲಿಸಿದಾಗ ನೋಡಿದ್ದೇನೆ. ಹಿಂದಿನ ಟೈರಿನ ಪಕ್ಕದ ನಾಲ್ಕಂಕಿಯ ಗುರುತು, ಮೊದಲ ಎರಡು ವಾರ, ಕೊನೆಯ ಎರಡು ವರ್ಷ, ಅದು ಕಾರಿನಷ್ಟೇ ಹಳೆಯ ಟೈರೆಂದು ಹೇಳುತ್ತಿತ್ತು. ರಬ್ಬರಿನಲ್ಲಿ ಬಿರುಕು ಬಿದ್ದಿವೆ. ಇಂಥ ಟೈರಿನ ಮೇಲೆ 30 ಅಶ್ವಶಕ್ತಿ ಹೆಚ್ಚಿಸಿಕೊಂಡು ಓಡಾಡುವುದು ಯಾವ ಧೈರ್ಯ, ಮಾರಾಯಾ?

ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. 60ರಿಂದ 80ಕ್ಕೆ ಏರಿದರೂ ಅದು ಮುಕ್ಕಾಲು ಪಾಲಿಗಿಂತ ಹೆಚ್ಚೇ ಬೆಳೆಯುತ್ತದೆ. ಆ ಶಕ್ತಿಯೆಲ್ಲ ಡಿಸ್ಕಿನಲ್ಲಿ, ಪ್ಯಾಡಿನಲ್ಲಿ ಶಾಖವಾಗಿ ಕೂರುತ್ತದೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸತಿದ್ದಾಗ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಈ ಆಯಿಲಿನ ಗುಣವೇ ಗಾಳಿಯ ತೇವವನ್ನು ಹೀರುವುದು. ಸಮುದ್ರದ ಪಕ್ಕದ ನಮ್ಮ ಊರಿನಲ್ಲಿ ಹೀರಲು ತೇವಕ್ಕೇನು ಬರವೇ? ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆ ಒತ್ತಿದಷ್ಟೂ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ಹೋಗುತ್ತಲೇ ಇರುತ್ತದೆ. ಆಯಿಲ್ ಬದಲಿಸುವ ಖರ್ಚು ನಾಲ್ಕು ಜನ ಹೋಟೆಲಿಗೆ ಹೋಗಿ ಊಟ ಮಾಡಿ ಬರುವಷ್ಟೂ ಆಗಲಾರದು. ಎರಡು ವರ್ಷಕ್ಕೊಮ್ಮೆ ಎಂದು ಪುಸ್ತಕ ಹೇಳುತ್ತದೆ, ನಿನ್ನಂಥ ಕಾರಿಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಮಾಡಿಸು.

ನಮ್ಮ ಮಣಿಪಾಲದ ಎಂಜಿನಿಯರಿಂಗ್ ಹುಡುಗ ಹುಡುಗಿಯರು ತಾವೇ ಫಾರ್ಮುಲಾ ಕಾರು ಕಟ್ಟಿ ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಈ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಒಂದು ಕಟ್ಟುನಿಟ್ಟು ಇದೆ. ಕಾರನ್ನು ಓಡಿಸಿ ಒಮ್ಮೆಗೇ ಬ್ರೇಕ್ ಹಾಕಿದಾಗ ನಾಲ್ಕೂ ಚಕ್ರ ಲಾಕ್ ಆಗಬೇಕು. ಆಗಲಿಲ್ಲವೋ, ಎಷ್ಟೇ ಶಕ್ತಿಯ ಎಂಜಿನ್ ಇದ್ದರೂ ಟ್ರ್ಯಾಕಿಗೆ ಬಿಡುವುದಿಲ್ಲ. ವರ್ಷವಿಡೀ ದುಡಿದ ತಂಡಗಳು ಈ ಒಂದು ಪರೀಕ್ಷೆಯಲ್ಲಿ ಬಿದ್ದು ಹಿಂದಿರುಗುವುದುಂಟು. ನಿನ್ನ ಕಾರನ್ನೂ ಅದೇ ಕ್ರಮದಲ್ಲಿ ಕಟ್ಟು. ಮೊದಲು ಟೈರ್, ಆಮೇಲೆ ಬ್ರೇಕ್ ಆಯಿಲ್ ಮತ್ತು ಒಳ್ಳೆಯ ಪ್ಯಾಡ್, ಆಮೇಲೆ ಸವೆದ ಬುಶ್‌ಗಳೂ ಶಾಕ್ ಅಬ್ಸಾರ್ಬರುಗಳೂ. ಗೋರೆಗಾಂವ್‌ನ ಪೇವರ್ ಬ್ಲಾಕ್ ಕಿತ್ತ ರಸ್ತೆಗಳು ಅವನ್ನು ನೀನಂದುಕೊಂಡಿದ್ದಕ್ಕಿಂತ ಮೊದಲೇ ಮುಗಿಸಿರುತ್ತವೆ. ಇಷ್ಟೆಲ್ಲ ಆದ ಮೇಲೆ ಶಕ್ತಿಯ ಮಾತು.

ಕಾನೂನು ಏನು ಹೇಳುತ್ತದೆ ಎಂದು ನಿನ್ನ ಟ್ಯೂನರ್ ಹೇಳಿರಲಾರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಕಾರನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆಯ ನಿಯಮ ಮುರಿದರೆ 10,000 ರೂಪಾಯಿಯವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ರದ್ದು. ಇದಕ್ಕಿಂತ ದೊಡ್ಡ ಭಯ ವಿಮೆಯದು. ತಿಳಿಸದೆ ಮಾಡಿಸಿದ ಬದಲಾವಣೆ ಸಿಕ್ಕಿಬಿದ್ದರೆ ಅಪಘಾತದ ದಿನ ಕಂಪನಿ ಕೈ ತೊಳೆದುಕೊಳ್ಳಲು ಅದೇ ನೆಪ. ಆ ದಿನ ನಿನ್ನ ಅಪ್ಪ ಊರಿನ ಜಾಗ ಮಾರಬೇಕಾದೀತು.

ಕಾನೂನನ್ನು ನಾನು ಪೂರ್ತಿ ಒಪ್ಪಿದವನಲ್ಲ. ಇದೇ ಮುಂಬಯಿ ಒಂದು ಕಾಲಕ್ಕೆ ಸಾವಿರಾರು ಗಾಡಿಗಳ ಇಂಧನವನ್ನು ಕಾನೂನುಬದ್ಧವಾಗಿಯೇ ಬದಲಿಸಿದ ಊರು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಹೊಗೆಯುಗುಳುತ್ತಿದ್ದವು. ಹೈಕೋರ್ಟಿನ ಆದೇಶಗಳ ಒತ್ತಡದಲ್ಲಿ ಅವಕ್ಕೆ ಸಿಎನ್‌ಜಿ ಕಿಟ್ ಹಾಕಿದರು. ಕಿಟ್ಟನ್ನು ಪರೀಕ್ಷಿಸಿ ಒಪ್ಪಿಗೆ ಕೊಡಲು ಪುಣೆಯ ಎಆರ್‌ಎಐನಂಥ ಸಂಸ್ಥೆ, ಕೂರಿಸಲು ಪರವಾನಗಿ ಪಡೆದ ಗ್ಯಾರೇಜು, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಮೇಲೆ ಹೊಸ ನಮೂದು. ಅಂದರೆ ದಾರಿ ಇದೆ. ಇಂಧನ ಬದಲಿಸುವವರಿಗೆ ತೆರೆದ ಬಾಗಿಲನ್ನು ಒಳ್ಳೆಯ ಬ್ರೇಕ್ ಹಾಕಿಸುವವನಿಗೆ, ದೊಡ್ಡ ಇಂಟರ್‌ಕೂಲರ್ ಕೂರಿಸುವವನಿಗೆ, ಹೊಗೆಯ ಮಿತಿಯೊಳಗೇ ಅಷ್ಟಿಷ್ಟು ಶಕ್ತಿ ಹೆಚ್ಚಿಸಿಕೊಳ್ಳುವವನಿಗೆ ಯಾಕೆ ತೆರೆಯಬಾರದು? ಜರ್ಮನಿಯಲ್ಲಿ ಪರೀಕ್ಷೆ ಮುಗಿಸಿದ ಬಿಡಿಭಾಗಕ್ಕೆ ಪ್ರಮಾಣಪತ್ರ ಸಿಗುತ್ತದೆ, ಅದು ಕಾರಿನ ದಾಖಲೆಯಲ್ಲಿ ಸೇರುತ್ತದೆ, ಪೊಲೀಸರು ತಡೆದರೆ ತೋರಿಸಬಹುದು. ಇಲ್ಲಿ ಅಂಥ ವ್ಯವಸ್ಥೆ ಇಲ್ಲದ್ದರಿಂದ ಒಳ್ಳೆಯ ಕೆಲಸಗಾರನೂ ಕಳ್ಳನ ಹಾಗೆ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾನೆ. ಲ್ಯಾಪ್‌ಟಾಪ್ ಹಿಡಿದ ಅರೆಕಲಿತವನಿಗೂ ಅವನಿಗೂ ವ್ಯತ್ಯಾಸ ಗ್ರಾಹಕನಿಗೆ ತಿಳಿಯುವುದೇ ಇಲ್ಲ.

ಟ್ರ್ಯಾಕಿನ ವಿಷಯದಲ್ಲೂ ನಿನ್ನ ಪರವಾಗಿಯೇ ಇದ್ದೇನೆ. ಈ ನಗರದಲ್ಲಿ ಕುದುರೆಗಳಿಗೆ ಮಹಾಲಕ್ಷ್ಮಿಯಲ್ಲಿ 1883ರಿಂದ ರೇಸ್‌ಕೋರ್ಸ್ ಇದೆ. ನಿನ್ನಂಥ ಕಾರಿಗೆ ಹೆಸರುವಾಸಿ ಟ್ರ್ಯಾಕ್ ಬೇಕೆಂದರೆ ಬಹಳ ದೂರ ಹೋಗಬೇಕು. ಚೆನ್ನೈಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಉತ್ತರದಲ್ಲಿ ಗ್ರೇಟರ್ ನೋಯ್ಡಾದ 5.125 ಕಿಲೋಮೀಟರಿನ ಬುದ್ಧ ಸರ್ಕ್ಯೂಟ್. ಲೋಣಾವಳದ ಹತ್ತಿರ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನೇರ ಓಟದ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಕೊಯಮತ್ತೂರಿನ ಟ್ರ್ಯಾಕಿಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ ಪುಟ್ಟ ಎಂಜಿನ್ ಇಟ್ಟು ಅವರು ಫಾರ್ಮುಲಾ ಮಾರುತಿ ಕಟ್ಟಿದರು. ನಾರಾಯಣ್ ಕಾರ್ತಿಕೇಯನ್ ಓಡಿ ಬೆಳೆದದ್ದು ಅದರಲ್ಲೇ, 2005ರಲ್ಲಿ ಅವರು ಫಾರ್ಮುಲಾ ಒನ್‌ ಮುಟ್ಟಿದರು. ಶಕ್ತಿ ಎಷ್ಟಿದೆ ಎನ್ನುವುದು ಅಲ್ಲಿ ಯಾರಿಗೂ ದೊಡ್ಡದಾಗಿರಲಿಲ್ಲ. ನಿನ್ನ ಪೋಲೊಗೂ ಈ ಟ್ರ್ಯಾಕುಗಳು ಅಪರಿಚಿತವಲ್ಲ, 2010ರಿಂದ ಪೋಲೊಗಳದ್ದೇ ಒಂದು ಸ್ಪರ್ಧೆ ನಡೆಯುತ್ತಿತ್ತು.

ಒಮ್ಮೆ ಹೋಗು. ಹಣ ಕೂಡಿಸಿ, ನಾಲ್ಕು ಗೆಳೆಯರು ಸೇರಿ ಟ್ರ್ಯಾಕ್ ಡೇಗೆ ಹೆಸರು ಕೊಟ್ಟು ಹೋಗು. ಹೋಗುವ ಮೊದಲು ಪ್ಯಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ, ಬ್ರೇಕ್ ಆಯಿಲ್ ಹೊಸದಿರಲಿ, ಚಕ್ರದ ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯದೆ ಟಾರ್ಕ್ ಪಾನಾದಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿಸು. ನೆಲದ ಮ್ಯಾಟ್, ಡಿಕ್ಕಿಯ ಜಾಕ್, ನೀರಿನ ಬಾಟಲಿ ಎಲ್ಲ ಹೊರಗೆ ತೆಗೆ. ತಿರುವಿನಲ್ಲಿ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸೇರಿದರೆ ಮುಗಿಯಿತು. ಟೈರಿನ ಗಾಳಿಯನ್ನು ತಣ್ಣಗಿರುವಾಗಲೂ ನೋಡು, ನಾಲ್ಕು ಸುತ್ತು ಓಡಿಸಿ ಬಂದ ಮೇಲೂ ನೋಡು, ಏರಿರುತ್ತದೆ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ಮೆಲ್ಲಗೆ ಮುಗಿಸು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕಾದ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಹಿಡಿದುಕೊಳ್ಳುತ್ತದೆ. ಗೇರ್ ಲಿವರನ್ನು ‘ಪಿ’ಯಲ್ಲಿಡು. ಒಬ್ಬ ಒಳ್ಳೆಯ ತರಬೇತುದಾರನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ರಿಮ್ಯಾಪಿನಿಂದ ಸಿಗದ ಸೆಕೆಂಡುಗಳು ನಿನ್ನ ಕೈಕಾಲಿನಿಂದಲೇ ಸಿಗುತ್ತವೆ.

ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಆರೇ ಕಾಲೊನಿಯ ರಸ್ತೆಯಲ್ಲಿ ಬರುತ್ತಾರೆ. ಆದಿವಾಸಿ ಪಾಡಾಗಳ ಹೆಂಗಸರು ತಲೆ ಮೇಲೆ ಸೌದೆ ಹೊತ್ತು ದಾಟುತ್ತಾರೆ. ಕತ್ತಲಾದ ಮೇಲೆ ಚಿರತೆ ದಾಟುತ್ತದೆ. 2024ರ ಮಾರ್ಚ್‌ನಲ್ಲಿ ತೆರೆದ ಕೋಸ್ಟಲ್ ರೋಡಿನಲ್ಲಿ ನೇರ ದಾರಿಯಲ್ಲೂ ಮಿತಿ 80. ಅಲ್ಲಿನ ರಾತ್ರಿಯ ಸದ್ದಿಗೆ ಪಕ್ಕದ ಜನ ಆಗಲೇ ಬೇಸತ್ತಿದ್ದಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಬೈಕಿಗೆ ಗುದ್ದಿ ಇಬ್ಬರು ಎಂಜಿನಿಯರುಗಳು ಸತ್ತರು. ಇಬ್ಬರೂ ನಿನ್ನ ವಯಸ್ಸಿನವರೇ. ನಾಳೆ ನಮ್ಮ ಗೋರೆಗಾಂವ್–ಮುಲುಂಡ್ ಜೋಡುರಸ್ತೆಯ 4.7 ಕಿಲೋಮೀಟರ್ ಸುರಂಗಗಳು ತೆರೆದಾಗ ನಿನ್ನಂಥವರಿಗೆಲ್ಲ ಕೈ ತುರಿಸುತ್ತದೆ ಎಂದು ನನಗೆ ಗೊತ್ತು. ಅಲ್ಲಿ ಬೇಡ. ಯಾವ ಸಾರ್ವಜನಿಕ ರಸ್ತೆಯಲ್ಲೂ ಬೇಡ.

ಆದ್ದರಿಂದ ನಿನ್ನಲ್ಲಿ ಎರಡು ಕೋರಿಕೆ. ಈ ವಾರವೇ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತೆ ಕೂರಿಸಿ, ಆ ಸಿಡಿತದ ಪ್ರೋಗ್ರಾಮ್ ತೆಗೆಸಿ, ಟೈರ್ ಬದಲಿಸು. ಎರಡನೆಯದು ಇದಕ್ಕಿಂತ ದೊಡ್ಡದು. ನಿನ್ನ ಕಾರಿನ ಗೆಳೆಯರನ್ನೆಲ್ಲ ಸೇರಿಸಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೂ ಮಹಾರಾಷ್ಟ್ರದ ಸಾರಿಗೆ ಆಯುಕ್ತರಿಗೂ ಹೆಸರು, ವಿಳಾಸ ಹಾಕಿ ಬರೆಯಿರಿ. ಸಿಎನ್‌ಜಿ ಕಿಟ್ಟಿಗಿರುವ ಹಾಗೆ ಪರೀಕ್ಷಿತ ಬಿಡಿಭಾಗಕ್ಕೂ ಟ್ಯೂನಿಗೂ ಪ್ರಮಾಣಪತ್ರದ ದಾರಿ ಬೇಕೆಂದು ಕೇಳಿ, ಮುಂಬಯಿ–ಪುಣೆಯ ನಡುವೆ ಎಲ್ಲರೂ ಬಾಡಿಗೆ ಕೊಟ್ಟು ಓಡಿಸಬಹುದಾದ ಒಂದು ಟ್ರ್ಯಾಕ್ ಬೇಕೆಂದು ಕೇಳಿ. ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯ ಕರಡು ಗೆಜೆಟ್ಟಿನಲ್ಲಿ ಬಂದಾಗ ಆಕ್ಷೇಪ, ಸಲಹೆ ಕಳಿಸಲು ಸಾರ್ವಜನಿಕರಿಗೆ 30 ದಿನ ಕೊಡುತ್ತಾರೆ. ಆ ದಿನಗಳಲ್ಲಿ ಕಾರು ಕಂಪನಿಗಳು ಬರೆಯುತ್ತವೆ, ವಿಮಾ ಕಂಪನಿಗಳು ಬರೆಯುತ್ತವೆ. ಕಾರನ್ನು ಪ್ರೀತಿಸುವ ನೀವೂ ಬರೆಯಿರಿ. ಮೊದಲ ಕಾಗದಕ್ಕೆ ಸಹಿ ಹಾಕಲು ನಾನು ಸಿದ್ಧ.

ಇಂತಿ,
ಗೋರೆಗಾಂವ್ ಪಶ್ಚಿಮದ ಒಬ್ಬ ಹಳೆಯ ಮೆಕ್ಯಾನಿಕ್